ಫೀನಾಲಿನಿಂದ ಪೀಣ್ಯಕ್ಕೆ

ನಮ್ಮ ಕಡೆಯ ಮುಖಗಳಲ್ಲಿ ಬಿಸಿಲೂ ವಯಸ್ಸೂ ಮೊದಲು ಕಾಣಿಸಿಕೊಳ್ಳುವುದು ಬಣ್ಣದಲ್ಲಿ. ಕೆನ್ನೆ ಮೇಲೆ ಬಂಗು, ಹಣೆಯಂಚಿಗೆ ಕಪ್ಪು, ಆಮೇಲೆ ನಿಧಾನವಾಗಿ ಸುಕ್ಕು. ಬೆಂಗಳೂರು ತಂಪು ಊರು ಎಂಬ ಹೆಮ್ಮೆಯೂ ಇದಕ್ಕೆ ಕೈಜೋಡಿಸಿದೆ. 900 ಮೀಟರ್ ಎತ್ತರದ ಊರಿನಲ್ಲಿ ಗಾಳಿ ತಂಪಾದ ಮಾತ್ರಕ್ಕೆ ಬಿಸಿಲು ಮೆತ್ತಗಾಗುವುದಿಲ್ಲ. ಚರ್ಮದ ಡಾಕ್ಟರಾಗಿ ಮೊದಲು ಪೀಣ್ಯದಲ್ಲಿ ಸಂಜೆ ಕ್ಲಿನಿಕ್ ನಡೆಸಿ, ಈಗ ವೈಟ್‌ಫೀಲ್ಡಿನಲ್ಲಿ ಕೂತಿರುವ ನನಗೆ ಎರಡೂ ಕಡೆ ಕೇಳಿಸಿದ ಬೇಡಿಕೆ ಒಂದೇ: "ಮೇಡಂ, ಒಂದೇ ಸಲಕ್ಕೆ ಹೋಗೋ ಹಾಗೆ ಏನಾದ್ರೂ ಮಾಡಿ."

ಒಂದೇ ಸಲಕ್ಕೆ ಹೋಗುವಂಥದ್ದನ್ನು ಹಿಂದಿನವರು ಮಾಡಿಯೇ ಇದ್ದರು. ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸಿ ಹೊಸದನ್ನು ಬರಿಸುವ ಕೆಮಿಕಲ್ ಪೀಲ್‌ಗೆ ಶಾಸ್ತ್ರದ ತಳಪಾಯ ಹಾಕಿದವರು ಹ್ಯಾಂಬರ್ಗಿನ ಪಾಲ್ ಗೆರ್ಸನ್ ಉನ್ನಾ. ಸ್ಯಾಲಿಸಿಲಿಕ್ ಆಸಿಡ್, ರಿಸಾರ್ಸಿನಾಲ್, ಫೀನಾಲ್, ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಇವೆಲ್ಲ ಚರ್ಮಕ್ಕೆ ಏನು ಮಾಡುತ್ತವೆಂದು ಅವರು ಬರೆದದ್ದು 1882ರಲ್ಲಿ.

ಚರಿತ್ರೆಯ ನಾಯಕ ಪಟ್ಟ ಮಾತ್ರ ಸಿಕ್ಕಿದ್ದು ಫೀನಾಲ್‌ಗೆ. ಅಮೆರಿಕದಲ್ಲಿ ಡಾಕ್ಟರಲ್ಲದವರು ಗುಟ್ಟಿನ ದ್ರಾವಣ ಹಚ್ಚಿ ಸುಕ್ಕು ಸುಲಿಯುತ್ತಿದ್ದ ಕಾಲ ಒಂದಿತ್ತು. 1961ರಲ್ಲಿ ಮಯಾಮಿಯ ಥಾಮಸ್ ಬೇಕರ್ ಮತ್ತು ಹೊವರ್ಡ್ ಗಾರ್ಡನ್ ಪಾಕವನ್ನು ಬಹಿರಂಗ ಮಾಡಿದರು: 88% ಫೀನಾಲ್ 3 ಮಿ.ಲೀ., ನಲ್ಲಿ ನೀರು 2 ಮಿ.ಲೀ., ದ್ರವ ಸೋಪು 8 ಹನಿ, ಕ್ರೋಟಾನ್ ಎಣ್ಣೆ 3 ಹನಿ. ಕ್ರೋಟಾನ್ ಎಂದರೆ ನಮ್ಮ ಜಾಪಾಳ, ಹಳ್ಳಿ ವೈದ್ಯರು ಕಡುಭೇದಿ ಮಾಡಿಸಲು ಕೊಡುತ್ತಿದ್ದ ಅದೇ ಬೀಜ. ಸುಲಿತದ ಆಳ ನಿರ್ಧರಿಸುವುದು ಬಹುಪಾಲು ಆ ಮೂರು ಹನಿಯೇ ಎಂದು ಗ್ರೆಗರಿ ಹೆಟರ್ ತೋರಿಸಿಕೊಟ್ಟದ್ದು 2000ದಲ್ಲಿ. ಸುಕ್ಕೇನೋ ಹೋಗುತ್ತಿತ್ತು. ಆದರೆ ಫೀನಾಲ್ ರಕ್ತಕ್ಕಿಳಿದರೆ ಹೃದಯದ ಲಯ ತಪ್ಪಬಹುದು, ಹಾಗಾಗಿ ಪಕ್ಕದಲ್ಲಿ ಇಸಿಜಿ ಮಾನಿಟರ್ ಇರಲೇಬೇಕು. ಮುಖದ ಬಣ್ಣವೂ ಶಾಶ್ವತವಾಗಿ ಬಿಳಿಚುತ್ತಿತ್ತು. ಬಿಳಿಯರಲ್ಲಿ ಅದು ಅಷ್ಟಾಗಿ ಕಾಣದು. ನಮ್ಮ ಗೋಧಿಬಣ್ಣ, ಎಣ್ಣೆಗೆಂಪಿನ ಮುಖದಲ್ಲಿ ಮುಖವಾಡ ತೊಟ್ಟಂತೆ ಎದ್ದು ಕಾಣುತ್ತದೆ.

ಆಸಿಡ್ ಮಿತಿ ಮೀರಿದರೆ ಏನಾಗುತ್ತದೆಂದು ನನಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿದವನು ಪೀಣ್ಯದ ಪ್ಲೇಟಿಂಗ್ ಘಟಕದ ಒಬ್ಬ ಕೆಲಸಗಾರ. "ನಾವೂ ತುಕ್ಕು ಬಿಡ್ಸಕ್ಕೆ ಆಸಿಡ್ ತೊಟ್ಟೀಲಿ ಅದ್ದೋದೇ ಮೇಡಂ. ಹೊತ್ತು ಮೀರಿದ್ರೆ ತುಕ್ಕಾದ್ಮೇಲೆ ಕಬ್ಬಿಣಾನೂ ತಿನ್ನುತ್ತೆ." ನಮ್ಮ ಚರ್ಮದಲ್ಲಿ ತುಸು ಸುಟ್ಟರೂ ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿಯೇ ಇರುತ್ತದೆ. ಬಂಗು ತೆಗೆಸಲು ಬಂದವರು ಎರಡರಷ್ಟು ಬಂಗು ಹೊತ್ತು ಹೋಗುತ್ತಾರೆ. ಭಾರತದ ಚರ್ಮವೈದ್ಯರ ಸಂಘವು 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಆಳದ ಪೀಲ್ ಭಾರತೀಯ ಚರ್ಮಕ್ಕೆ ಬೇಡವೆಂದೇ ಹೇಳಿತು.

ನಮಗೆ ಒದಗಿದ್ದು ಬೇರೆ ಕವಲು. 1974ರಲ್ಲಿ ವ್ಯಾನ್ ಸ್ಕಾಟ್ ಮತ್ತು ಯೂ ಎಂಬ ಸಂಶೋಧಕರು, ಮೀನಿನ ಹುರುಪೆಯಂತೆ ಚರ್ಮ ಒಡೆಯುವ ಇಕ್ತಿಯೋಸಿಸ್ ಕಾಯಿಲೆಗೆ ಹಣ್ಣು-ಹಾಲಿನ ಆಸಿಡ್‌ಗಳನ್ನು ಬಳಸಿ ನೋಡಿದರು. ಅವುಗಳಲ್ಲೊಂದಾದ ಗ್ಲೈಕೋಲಿಕ್ ಆಸಿಡ್ ಮುಖಕ್ಕೆ ಬಂದದ್ದು ಆ ದಾರಿಯಲ್ಲಿ. ಕಬ್ಬಿನದು ಎಂದು ಜಾಹೀರಾತು ಹೇಳುತ್ತದೆ. ಬಾಟಲಿಯೊಳಗಿನದು ಹೆಚ್ಚಾಗಿ ಕಾರ್ಖಾನೆಯದು. ಮೊಸರು, ಹುಣಸೆ, ನಿಂಬೆಯ ಹುಳಿಯೂ ಇದೇ ಬಳಗ. ಹಾಗಂತ ನಿಂಬೆರಸ ಬಳಿದುಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಬೊಬ್ಬೆಯೇಳುತ್ತದೆ.

ಟೇಬಲ್ ಮೇಲೆ ನಡೆಯುವುದಿಷ್ಟು. ಎರಡರಿಂದ ನಾಲ್ಕು ವಾರ ಸನ್‌ಸ್ಕ್ರೀನ್ ಮತ್ತು ಕ್ರೀಮಿನಿಂದ ಮುಖವನ್ನು ಹದಗೊಳಿಸಿರಬೇಕು. ಕಣ್ಣಂಚು, ಮೂಗಿನ ಸಂದು, ತುಟಿಗೆ ವ್ಯಾಸಲೀನ್. ಬ್ರಷ್ಷಿನಿಂದ ಹಣೆಗೆ ಮೊದಲು, ಆಮೇಲೆ ಕೆನ್ನೆಗೆ 35% ಗ್ಲೈಕೋಲಿಕ್. ಕಣ್ಣು ಗಡಿಯಾರದ ಮೇಲೆ, ಅದಕ್ಕಿಂತ ಹೆಚ್ಚಾಗಿ ಚರ್ಮದ ಮೇಲೆ. ಎಲ್ಲಾದರೂ ಕೆಂಪೇರಿತೋ, ನಿಮಿಷ ಮುಗಿದಿರಲಿ ಬಿಡಲಿ, ಸೋಡಾ ಬೈಕಾರ್ಬ್ ನೀರು ಒತ್ತಿ ಆಸಿಡ್ ನಿಲ್ಲಿಸಬೇಕು. ಟಿಸಿಎ ಹಚ್ಚಿದರೆ ಚರ್ಮವೇ ಮಂಜು ಕಟ್ಟಿದಂತೆ ಬೆಳ್ಳಗಾಗುತ್ತದೆ. ಸ್ಯಾಲಿಸಿಲಿಕ್‌ನಲ್ಲಿ ಕಾಣುವ ಬಿಳುಪು ಮಾತ್ರ ಬರೀ ಹರಳು, ಒರೆಸಿದರೆ ಹೋಗುತ್ತದೆ. ಹೊಸಬರು ಬೆಚ್ಚಿಬೀಳುವುದು ಇಲ್ಲೇ.

ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಥೆ ಬೇರೆ, ಅದು ಕ್ರೀಮಿನದು. 1975ರಲ್ಲಿ ಚರ್ಮವೈದ್ಯ ಕ್ಲಿಗ್‌ಮನ್ ಕಂಡುಹಿಡಿದ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್‌ಗಳ ಮಿಶ್ರಣ ನಮ್ಮ ಮೆಡಿಕಲ್ ಶಾಪುಗಳಲ್ಲಿ ಬಿಳಿ ಮಾಡುವ ಕ್ರೀಮಾಗಿ ಸಿಗುತ್ತಿತ್ತು. ಕೆಲವು ವಾರ ಮುಖ ಹೊಳೆಯುತ್ತಿತ್ತು. ವರ್ಷಗಟ್ಟಲೆ ಬಿಡದೆ ಹಚ್ಚಿದವರಿಗೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತಿತ್ತು. ಅಂಥ ಚರ್ಮಕ್ಕೆ ಪೀಲ್ ಮಾಡಬಾರದು. ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿದ್ದು 2018ರಲ್ಲಿ. ಚೀಟಿಯಿಲ್ಲದೆ ಕೊಡುವವರು ಇನ್ನೂ ಇದ್ದಾರೆ.

ಇತ್ತ ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕಿನವರು ಆರು ಸಿಟ್ಟಿಂಗಿನ ಪ್ಯಾಕೇಜ್ ಕೇಳುತ್ತಾರೆ, ಎರಡು ದಿನ ವರ್ಕ್ ಫ್ರಂ ಹೋಮ್ ತಗೊಂಡು ಸಿಪ್ಪೆ ಉದುರಿಸಿಕೊಳ್ಳುತ್ತಾರೆ. ಅವರನ್ನು ಎಲೆಕ್ಟ್ರಾನಿಕ್ ಸಿಟಿವರೆಗೆ ಹೊತ್ತೊಯ್ಯುವ ಕ್ಯಾಬ್ ಡ್ರೈವರುಗಳ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪು. ಸ್ಟಿಯರಿಂಗ್ ಇರುವುದು ಬಲಕ್ಕೆ. ಕಿಟಕಿ ಏರಿಸಿದ್ದರೂ ಗಾಜು ಯುವಿಎ ಕಿರಣವನ್ನು ಒಳಗೆ ಬಿಡುತ್ತದೆ. ಪೀಲ್ ಆದಮೇಲೆ ಒಂದು ವಾರ ಬಿಸಿಲು ತಪ್ಪಿಸಿ ಎಂದರೆ "ಟ್ರಿಪ್ ಬಿಟ್ರೆ ಇಎಂಐ ಯಾರು ಕಟ್ತಾರೆ?" ಅನ್ನುತ್ತಾರೆ. ಅವರಿಗೆ ನಾನು ಪೀಲ್ ಮಾಡುವುದಿಲ್ಲ. ಸನ್‌ಸ್ಕ್ರೀನ್ ಬರೆದುಕೊಡುತ್ತೇನೆ, ಎರಡು ಗಂಟೆಗೊಮ್ಮೆ ಹಚ್ಚಿ ಎನ್ನುತ್ತೇನೆ. ಟ್ಯೂಬಿನ ಬೆಲೆ ಕೇಳಿ ಅರ್ಧದಷ್ಟು ಜನ ಚೀಟಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ.