ಮ್ಯಾಜಿಸ್ಟ್ರೇಟ್ ಪಕ್ಕದಲ್ಲೇ ಕುರ್ಚಿ, ಆದರೆ ಸಂಬಳವಿಲ್ಲ: ಬಾಲ ನ್ಯಾಯ ಮಂಡಳಿ ಸದಸ್ಯರಿಗೆ ಸಿಗುವುದೆಷ್ಟು?

ಅಹಮದಾಬಾದ್: 16 ವರ್ಷದ ಹುಡುಗನೊಬ್ಬ ಮೊಬೈಲ್ ಕದ್ದು ಸಿಕ್ಕಿಬಿದ್ದ ಎಂದುಕೊಳ್ಳಿ. ಊರು ಅಹಮದಾಬಾದ್ ಆಗಲಿ, ವಡೋದರಾ, ಸೂರತ್ ಆಗಲಿ, ನಮ್ಮ ಹುಬ್ಬಳ್ಳಿಯೇ ಆಗಲಿ, ಪೊಲೀಸರು ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಎತ್ತರದ ಪೀಠವಿಲ್ಲ, ಕಟಕಟೆ ಇಲ್ಲ. ಎದುರಿಗೆ ಮೂವರು ಕೂತಿರುತ್ತಾರೆ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು.

ಮ್ಯಾಜಿಸ್ಟ್ರೇಟ್‌ಗೆ ತಿಂಗಳ ಸಂಬಳ ಬರುತ್ತದೆ. ಉಳಿದ ಇಬ್ಬರಿಗೆ? ಅವರಿಗೆ ಸಂಬಳ ಇಲ್ಲ, ಪಿಂಚಣಿ ಇಲ್ಲ. ಕೂತ ದಿನಕ್ಕೆ ಮಾತ್ರ ಗೌರವಧನ.

ದಿನದ ಲೆಕ್ಕ

2015ರ ಬಾಲ ನ್ಯಾಯ ಕಾಯ್ದೆ ಜಾರಿಗೆ ಬಂದಿದ್ದು 2016ರ ಜನವರಿ 15ರಂದು. ಅದರಡಿ ಕೇಂದ್ರ ಸರ್ಕಾರ ರೂಪಿಸಿದ 2016ರ ಮಾದರಿ ನಿಯಮಗಳು ಸಮಾಜ ಕಾರ್ಯಕರ್ತ ಸದಸ್ಯರಿಗೆ ಒಂದು ಕಲಾಪಕ್ಕೆ ಕನಿಷ್ಠ 1,500 ರೂಪಾಯಿ ಕೊಡಬೇಕು ಎನ್ನುತ್ತವೆ. 2007ರ ನಿಯಮಗಳಲ್ಲಿ ಇದು 500 ರೂಪಾಯಿ ಇತ್ತು. ಈಗಿನ ಮಿಷನ್ ವಾತ್ಸಲ್ಯ ಯೋಜನೆಯ ಲೆಕ್ಕದಲ್ಲಿ ಕಲಾಪವೊಂದಕ್ಕೆ 2,000 ರೂಪಾಯಿ. ಗುಜರಾತ್, ಕರ್ನಾಟಕದಂಥ ರಾಜ್ಯಗಳಲ್ಲಿ ಈ ಯೋಜನೆಯ ಖರ್ಚನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ.

ತಿಂಗಳಿಗೆ 20 ದಿನ ಕಲಾಪ ನಡೆದರೆ ಕೈಗೆ ಬರುವುದು 40,000 ರೂಪಾಯಿ. ಹೋಲಿಕೆಗೆ ನೋಡಿ: ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶ್ರೇಣಿಯಂತೆ ಹೊಸದಾಗಿ ಸೇರುವ ಕಿರಿಯ ಸಿವಿಲ್ ನ್ಯಾಯಾಧೀಶರ ಮೂಲ ವೇತನವೇ 77,840 ರೂಪಾಯಿ. ಭತ್ಯೆಗಳು ಬೇರೆ. ಮಂಡಳಿಯ ಪ್ರಧಾನ ಮ್ಯಾಜಿಸ್ಟ್ರೇಟ್ ಆಗಲು ಕನಿಷ್ಠ ಮೂರು ವರ್ಷದ ಅನುಭವ ಬೇಕು, ಹಾಗಾಗಿ ಅವರ ಸಂಬಳ ಇದಕ್ಕಿಂತ ಹೆಚ್ಚೇ ಇರುತ್ತದೆ.

ಇನ್ನೊಂದು ವಿಷಯ. 2016ರ ನಿಯಮದ ಮೊತ್ತದಲ್ಲೇ ಪ್ರಯಾಣದ ಖರ್ಚೂ ಸೇರಿದೆ. ಅಹಮದಾಬಾದ್ ನಗರದೊಳಗೇ ಇರುವವರಿಗೂ ಧೋಲ್ಕಾದಿಂದ ಬರುವವರಿಗೂ ಅದೇ ಕನಿಷ್ಠ ಮೊತ್ತ. ವಡೋದರಾ ಜಿಲ್ಲೆಯ ಡಭೋಯಿ, ಸೂರತ್ ಜಿಲ್ಲೆಯ ಬಾರ್ಡೋಲಿಯಿಂದ ಬರುವವರ ಕಥೆಯೂ ಅಷ್ಟೇ. ಹಿಂದಿನ ರಾತ್ರಿ ಮನೆಯಲ್ಲಿ ಕೂತು ಪ್ರಕರಣದ ವರದಿ ಓದಿದ್ದಕ್ಕೆ ಪ್ರತ್ಯೇಕ ದುಡ್ಡಿಲ್ಲ.

ಹಾಗಂತ ಇದು ಬಿಡುವಿನ ಕೆಲಸವೇನಲ್ಲ. ಪ್ರಕರಣ ಕಡಿಮೆ ಇರುವ ಜಿಲ್ಲೆಗಳನ್ನು ಬಿಟ್ಟರೆ, ಎಲ್ಲ ಕೆಲಸದ ದಿನಗಳಲ್ಲೂ ಕನಿಷ್ಠ ಆರು ಗಂಟೆ ಮಂಡಳಿ ಕೂರಬೇಕು. ಅಂದರೆ ಅಹಮದಾಬಾದ್, ಸೂರತ್‌ನಂಥ ದೊಡ್ಡ ನಗರದಲ್ಲಿ ಜೊತೆಗೆ ಇನ್ನೊಂದು ಉದ್ಯೋಗ ಮಾಡುವುದು ಕಷ್ಟ.

ಒಬ್ಬರು ಗೈರಾದರೆ ಏನಾಗುತ್ತದೆ?

1986ರ ಕಾಯ್ದೆಯಲ್ಲೂ ಇಬ್ಬರು ಸಮಾಜ ಕಾರ್ಯಕರ್ತರಿದ್ದರು. ಆದರೆ ಅವರು ಗೌರವ ಸಹಾಯಕರು, ತೀರ್ಪು ಕೊಡುವವರಲ್ಲ. 2000ನೇ ಇಸವಿಯ ಕಾಯ್ದೆ ಅವರನ್ನು ಪೀಠದ ಸದಸ್ಯರನ್ನಾಗಿ ಮಾಡಿತು. ಈಗ ಮೂವರಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತವೇ ಅಂತಿಮ. ಇಬ್ಬರು ಸಮಾಜ ಕಾರ್ಯಕರ್ತರು ಒಂದಾದರೆ ಮ್ಯಾಜಿಸ್ಟ್ರೇಟ್ ಅಭಿಪ್ರಾಯ ಬಿದ್ದುಹೋಗುತ್ತದೆ!

ಅವರಲ್ಲಿ ಒಬ್ಬರು ಬರದೇ ಇದ್ದರೆ ಲೆಕ್ಕ ತಿರುಗುತ್ತದೆ. ಹಾಜರಿರುವ ಇಬ್ಬರಲ್ಲಿ ಒಮ್ಮತ ಮೂಡದಿದ್ದರೆ ಪ್ರಧಾನ ಮ್ಯಾಜಿಸ್ಟ್ರೇಟ್ ಮಾತೇ ನಡೆಯುತ್ತದೆ. ಸಮಾಜ ಕಾರ್ಯಕರ್ತರಿಬ್ಬರೂ ಇಲ್ಲದಿದ್ದರೆ ಪ್ರಕರಣ ಇತ್ಯರ್ಥವೇ ಆಗುವುದಿಲ್ಲ. ಅಂತಿಮ ಆದೇಶಕ್ಕೆ ಪ್ರಧಾನ ಮ್ಯಾಜಿಸ್ಟ್ರೇಟ್ ಸೇರಿ ಕನಿಷ್ಠ ಇಬ್ಬರು ಇರಲೇಬೇಕು ಎನ್ನುತ್ತದೆ ಕಾಯ್ದೆಯ 7ನೇ ಕಲಂ.

ಮೊಬೈಲ್ ಕದ್ದ ಹುಡುಗನ ವಿಷಯಕ್ಕೆ ಬನ್ನಿ. ಇಂಥ ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಪ್ರಕರಣ ತಾನಾಗಿ ರದ್ದು. ಹುಡುಗ ತಪ್ಪು ಮಾಡಿದ್ದನೋ ಇಲ್ಲವೋ ತೀರ್ಮಾನವಾಗುವುದಿಲ್ಲ, ಮಂಡಳಿ ಕೊಡಿಸಬಹುದಾಗಿದ್ದ ಆಪ್ತ ಸಮಾಲೋಚನೆಯೂ ಸಿಗುವುದಿಲ್ಲ. ಆರೋಪ ದೊಡ್ಡದಾಗಿದ್ದರೆ ರದ್ದಾಗುವ ಅನುಕೂಲವೂ ಇಲ್ಲ. ಜಾಮೀನು ಸಿಗದ ಮಗು ವೀಕ್ಷಣಾಲಯದಲ್ಲೇ ದಿನ ಎಣಿಸುತ್ತದೆ.

ಸೂರತ್‌ನಲ್ಲಿ ಇದು ಇನ್ನೂ ಜಟಿಲ. ಅಲ್ಲಿನ ಮಗ್ಗ ಮತ್ತು ವಜ್ರದ ಕೆಲಸಕ್ಕೆ ಒಡಿಶಾ, ಬಿಹಾರ, ಉತ್ತರ ಪ್ರದೇಶದಿಂದ ಬಂದವರು ಬಹಳ. ಅಂಥ ಕುಟುಂಬದ ಹುಡುಗನ ಮನೆ, ಶಾಲೆ, ಹಿನ್ನೆಲೆ ತಿಳಿಯಬೇಕಾದರೆ ಊರಿನಿಂದ ವರದಿ ತರಿಸಬೇಕು. ಕಾನೂನಿನ ಪುಸ್ತಕದಾಚೆ ಮಗುವಿನ ಬದುಕು ನೋಡಬಲ್ಲವರು ಬೇಕು ಎಂದೇ ಸಮಾಜ ಕಾರ್ಯಕರ್ತರನ್ನು ಪೀಠಕ್ಕೆ ತಂದಿದ್ದು.

2018ರ ಫೆಬ್ರವರಿ 9ರಂದು ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಂಡಳಿಗಳ ಖಾಲಿ ಹುದ್ದೆ ತುಂಬುವಂತೆ, ಕಲಾಪ ನಿಯಮಿತವಾಗಿ ನಡೆಸುವಂತೆ ಹೇಳಿತ್ತು.

ಬೇರೆ ದೇಶಗಳಲ್ಲಿ

ಅಮೆರಿಕದ ಟೆಕ್ಸಾಸ್‌ನಲ್ಲಿ ಕೌಂಟಿಗೊಂದು ಬಾಲಾಪರಾಧ ಮಂಡಳಿ ಇದೆ. ಆದರೆ ಅದು ಮಕ್ಕಳ ವಿಚಾರಣೆ ನಡೆಸುವ ಪೀಠವಲ್ಲ, ಪ್ರೊಬೇಷನ್ ವ್ಯವಸ್ಥೆಯ ಉಸ್ತುವಾರಿ ನೋಡುವ ಮಂಡಳಿ. ಅದರಲ್ಲಿ ಮುಖ್ಯವಾಗಿ ಕೂರುವವರು ಮೊದಲೇ ಸಂಬಳ ಇರುವ ನ್ಯಾಯಾಧೀಶರು. ಈ ಹೆಚ್ಚುವರಿ ಹೊಣೆಗೆ ಕೌಂಟಿ ಬೊಕ್ಕಸದಿಂದ ಪ್ರತ್ಯೇಕ ಸಂಭಾವನೆ ಕೊಡಲು ಅಲ್ಲಿ ಕಾನೂನಿನಲ್ಲೇ ಅವಕಾಶವಿದೆ. ಇಂಗ್ಲೆಂಡ್‌ನಲ್ಲಿ ಇದಕ್ಕೆ ತದ್ವಿರುದ್ಧ. ಯುವಜನ ನ್ಯಾಯಾಲಯದ ಸಾಮಾನ್ಯ ಮ್ಯಾಜಿಸ್ಟ್ರೇಟರು ಸ್ವಯಂಸೇವಕರು, ಖರ್ಚು ಮಾತ್ರ ಸಿಗುತ್ತದೆ. ಆದರೆ ಅವರು ದಿನಾ ಬರಬೇಕಿಲ್ಲ. ಭಾರತದ್ದು ಎರಡರ ನಡುವಿನ ದಾರಿ: ಕೆಲಸ ಪೂರ್ಣಾವಧಿ, ಹಣ ದಿನಗೂಲಿ ಮಾದರಿ.

ಯಾರು ಸದಸ್ಯರಾಗಬಹುದು?

ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕ್ಷೇತ್ರದಲ್ಲಿ ಕನಿಷ್ಠ ಏಳು ವರ್ಷ ಕೆಲಸ ಮಾಡಿರಬೇಕು. ಇಲ್ಲವೇ ಮಕ್ಕಳ ಮನೋವಿಜ್ಞಾನ, ಮನೋವೈದ್ಯ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿ ಪಡೆದು ವೃತ್ತಿಯಲ್ಲಿರಬೇಕು. ಮಾದರಿ ನಿಯಮದಂತೆ ವಯಸ್ಸು 35 ದಾಟಿರಬೇಕು. ಅವಧಿ ಮೂರು ವರ್ಷ. ಎರಡು ಅವಧಿಗೆ ಅವಕಾಶವಿದ್ದರೂ ಬೆನ್ನುಬೆನ್ನಿಗೆ ಇಲ್ಲ. ನೇಮಕವಾದ 60 ದಿನಗಳೊಳಗೆ ತರಬೇತಿ ಕಡ್ಡಾಯ. ಸಕಾರಣವಿಲ್ಲದೆ ಸತತ ಮೂರು ತಿಂಗಳು ಗೈರಾದರೆ, ಅಥವಾ ವರ್ಷದ ಕಲಾಪಗಳಲ್ಲಿ ಹಾಜರಿ ಮುಕ್ಕಾಲು ಭಾಗಕ್ಕಿಂತ ಕಡಿಮೆಯಾದರೆ, ವಿಚಾರಣೆ ನಡೆಸಿ ರಾಜ್ಯ ಸರ್ಕಾರ ಸದಸ್ಯತ್ವ ರದ್ದು ಮಾಡಬಹುದು.