ಪಕ್ಕದವರ ದಾರ

ಗಾಳ ಹಾಕಲು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಮುಂಬಯಿಯಲ್ಲಿ. ಉಡುಪಿಯ ಕಡಲ ಬದಿಯಲ್ಲಿ ಹುಟ್ಟಿದವನಿಗೆ ಇದು ನಾಚಿಕೆಯ ಮಾತೇ. ಆದರೆ ಊರಿನಲ್ಲಿ ಮೀನು ಹಿಡಿಯುವವರು ಬೇರೆ, ತಿನ್ನುವವರು ಬೇರೆ. ನಮ್ಮದು ತಿನ್ನುವವರ ಮನೆ. ಆಫೀಸಿನ ಗೆಳೆಯನೊಬ್ಬ ಮುಂಬಯಿ ಬಿಟ್ಟು ಹೋಗುವಾಗ ತನ್ನ ಹಳೆಯ ರಾಡು, ರೀಲು ನನ್ನ ಕೈಗೆ ಕೊಟ್ಟು ಹೋದ. ಮುಂದಿನ ಭಾನುವಾರ ಅದನ್ನು ಹೆಗಲಿಗೇರಿಸಿಕೊಂಡು ನಗರದ ಉತ್ತರದ ಒಂದು ಬೀಚಿಗೆ ಹೋದೆ.

ಭರತ ಏರುತ್ತಿದ್ದ ಹೊತ್ತು. ನೂರು ಹೆಜ್ಜೆಯೊಳಗೆ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು. ನಡುವೆ ಒಂದು ಕಡೆ ಸ್ವಲ್ಪ ಖಾಲಿ ಜಾಗ ಕಂಡಿತು. ಹೋಗಿ ನಿಂತೆ. ಸಿಗಡಿ ಸಿಕ್ಕಿಸಿ, ಬಲವಿದ್ದಷ್ಟು ಬೀಸಿ ಎಸೆದೆ. ಸೀಸದ ಗುಂಡು ಓರೆಯಾಗಿ ಹಾರಿ ಎಡಗಡೆಯ ಇಬ್ಬರ ದಾರಗಳ ಆಚೆ ಬಿತ್ತು. ಐದು ನಿಮಿಷದೊಳಗೆ ಮೂರು ದಾರಗಳೂ ಹೊಸೆದುಕೊಂಡು ಒಂದೇ ಹಗ್ಗವಾದವು.

ಪಕ್ಕದ ಹಿರಿಯರು ಏನೂ ಮಾತಾಡಲಿಲ್ಲ. ರಾಡನ್ನು ಮರಳಿಗೆ ಚುಚ್ಚಿ, ಕುಕ್ಕರಗಾಲಿನಲ್ಲಿ ಕೂತು ಸಿಕ್ಕು ಬಿಡಿಸತೊಡಗಿದರು. ಕಾಲು ಗಂಟೆಯಾದರೂ ಬಿಡಲಿಲ್ಲ. ಕೊನೆಗೆ ಹಲ್ಲಿನಿಂದ ಕಡಿದರು. ಕಡಿದದ್ದು ತಮ್ಮ ದಾರವನ್ನು. ನನ್ನದನ್ನು ಸರಿಪಡಿಸಿ ಕೈಗಿತ್ತು, ಮರಾಠಿಯಲ್ಲಿ ಒಂದೇ ಮಾತು ಹೇಳಿದರು: "ನಿಲ್ಲುವ ಮೊದಲು ಕೇಳಬೇಕು, ಸಾಹೇಬ."

ಆ ಬೀಚಿನಲ್ಲಿ ಯಾವ ಬೋರ್ಡೂ ಇರಲಿಲ್ಲ. ಹಾಗಾದರೆ ಈ ಕಾನೂನು ಎಲ್ಲಿಂದ ಬಂತು? ಅದನ್ನು ಹುಡುಕುತ್ತ ಹೋದವನಿಗೆ ಸಿಕ್ಕಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕಾನೂನಿನ ಒಳಗುಟ್ಟು. ದಡದಿಂದ ನೋಡುವವರಿಗೆ ತೆರೆಗಳು ನೇರವಾಗಿ ಬಂದು ಹೋಗುವಂತೆ ಕಾಣುತ್ತವೆ. ಆದರೆ ಹೆಚ್ಚಿನ ದಿನ ಅವು ದಡಕ್ಕೆ ಸ್ವಲ್ಪ ಓರೆಯಾಗಿಯೇ ಬಡಿಯುತ್ತವೆ. ಅದರಿಂದಾಗಿ ದಡದ ಉದ್ದಕ್ಕೂ ಒಂದು ಕಡೆಗೆ ಹರಿಯುವ ಸೆಳೆತ ಹುಟ್ಟುತ್ತದೆ. ನಾವು ಎಸೆದ ಗುಂಡು ಬಿದ್ದಲ್ಲೇ ನಿಲ್ಲುವುದಿಲ್ಲ. ಸೆಳೆತದ ಜೊತೆ ಪಕ್ಕಕ್ಕೆ ಜಾರುತ್ತದೆ. ಎಲ್ಲರೂ ನೇರಕ್ಕೆ ಎಸೆದರೆ ಎಲ್ಲರ ದಾರಗಳೂ ಒಂದೇ ದಿಕ್ಕಿಗೆ, ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಜಾರುತ್ತವೆ, ತಾಕಾಡುವುದಿಲ್ಲ. ಒಬ್ಬ ಓರೆಗೆ ಎಸೆದರೆ, ಅಥವಾ ಎಲ್ಲರಿಗಿಂತ ಹಗುರ ಗುಂಡು ಕಟ್ಟಿದರೆ, ಇಡೀ ಸಾಲೇ ಸಿಕ್ಕಾಗುತ್ತದೆ. ಆದ್ದರಿಂದಲೇ ಜನ ಕಿಕ್ಕಿರಿದ ಬೀಚುಗಳಲ್ಲಿ, ದೇಶ ಯಾವುದಾದರೂ, ನಿಯಮಗಳು ಹೆಚ್ಚು ಕಡಿಮೆ ಒಂದೇ: ಮೊದಲು ಬಂದವನನ್ನು ಕೇಳಿ ನಿಲ್ಲು. ಮೂಗಿನ ನೇರಕ್ಕೆ ಎಸೆ. ಪಕ್ಕದವನಿಗೆ ದೊಡ್ಡ ಮೀನು ಸಿಕ್ಕಿ ಅವನು ಕೂಗಿದರೆ ನಿನ್ನ ದಾರ ಸುತ್ತಿಕೊಂಡು ದಾರಿ ಬಿಡು. ರಾತ್ರಿ ನೀರಿನ ಮೇಲೆ ಟಾರ್ಚು ಬಿಡಬೇಡ. ತುಂಡಾದ ದಾರ, ಕೊಕ್ಕೆಗಳನ್ನು ಮರಳಲ್ಲಿ ಬಿಟ್ಟು ಹೋಗಬೇಡ. ಇವನ್ನು ಮರ್ಯಾದೆ ಎನ್ನುತ್ತೇವೆ. ಆದರೆ ಇವುಗಳ ಬೇರು ಇರುವುದು ನೀರಿನ ಸೆಳೆತದಲ್ಲಿ.

ಗಾಳದ ವಿಷಯ ಬಂದರೆ ಕನ್ನಡ ನಾಡಿನವರು ಹೆಮ್ಮೆಪಡುವ ಒಂದು ದಾಖಲೆಯಿದೆ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಇದೆ. ಕಡಲಿನ, ಹೊಳೆಯ ಮೀನುಗಳ ಜಾತಿಗಳು, ಯಾವ ಮೀನಿಗೆ ಯಾವ ಮೇವು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಅಲ್ಲಿ ಬರುತ್ತದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದು ವಿಜ್ಞಾನಿಗಳ ಗಮನ ಸೆಳೆದರು. ಆದರೆ ನಾನು ಹುಡುಕುತ್ತಿದ್ದ ಪ್ರಶ್ನೆ ಸೋಮೇಶ್ವರನಿಗೆ ಎದುರಾಗುವಂಥದ್ದಲ್ಲ. ಅರಸ ಗಾಳ ಹಿಡಿದು ಕೂತರೆ, ಅವನ ದಾರದ ಮೇಲೆ ದಾರ ಎಸೆಯುವ ಧೈರ್ಯ ಯಾರಿಗಿದೆ? ಪಕ್ಕದವನೇ ಇಲ್ಲದ ಕಡೆ ದಾಕ್ಷಿಣ್ಯವೂ ಬೇಕಾಗುವುದಿಲ್ಲ.

ಪಕ್ಕದವನು ಕಾಣಿಸಿಕೊಳ್ಳುವುದು ಇಂಗ್ಲೆಂಡಿನ ಒಂದು ಪುಸ್ತಕದಲ್ಲಿ. 1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಬೇಟೆ, ಗಿಡುಗ ಸಾಕಣೆಗಳ ಬಗೆಗಿನ ಒಂದು ದೊಡ್ಡ ಪುಸ್ತಕವನ್ನು ಮರುಮುದ್ರಿಸುವಾಗ ಅದಕ್ಕೆ ಗಾಳದ ಮೇಲಿನ ಒಂದು ಪ್ರಬಂಧವನ್ನೂ ಸೇರಿಸಿದ. ಅದನ್ನು ಬರೆದವಳು ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂಬ ನಂಬಿಕೆ ಬಹುಕಾಲ ಇತ್ತು. ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಬರೆದವರು ಯಾರೇ ಇರಲಿ, ಪ್ರಬಂಧದ ಕೊನೆಯಲ್ಲಿ ಗಾಳ ಹಿಡಿಯುವವನ ನಡತೆಯ ಬಗ್ಗೆ ಕೆಲವು ಮಾತುಗಳಿವೆ. ಬಡವನ ಸ್ವಂತ ನೀರಿನಲ್ಲಿ ಅವನ ಅಪ್ಪಣೆಯಿಲ್ಲದೆ ಮೀನು ಹಿಡಿಯಬಾರದು. ಇನ್ನೊಬ್ಬನು ಒಡ್ಡಿದ ಬಲೆಯಿಂದ ಮೀನು ತೆಗೆಯಬಾರದು. ಬೇಲಿ ಮುರಿಯಬಾರದು, ತೆರೆದ ಗೇಟನ್ನು ಮುಚ್ಚಿಯೇ ಹೋಗಬೇಕು. ದುಡ್ಡಿನ ಆಸೆಗಲ್ಲ, ಮನಸ್ಸಿನ ನೆಮ್ಮದಿಗೆ, ಮೈಯ ಆರೋಗ್ಯಕ್ಕೆ ಹಿಡಿಯಬೇಕು. ಒಂದೇ ಸಲಕ್ಕೆ ಅತಿಯಾಗಿ ಹಿಡಿಯಬಾರದು.

ಐನೂರು ವರ್ಷಗಳ ಹಿಂದಿನ ಈ ಮಾತು ಓದಿ ತಲೆದೂಗುತ್ತಿದ್ದ ಹಾಗೆಯೇ, ಅದೇ ಪ್ರಬಂಧದ ಕೊನೆಯಲ್ಲಿ ಇನ್ನೊಂದು ಮಾತು ಕಣ್ಣಿಗೆ ಬಿತ್ತು. ಇದನ್ನು ಪ್ರತ್ಯೇಕ ಸಣ್ಣ ಪುಸ್ತಕವಾಗಿ ಅಚ್ಚು ಹಾಕದೆ ಕುಲೀನರು ಕೊಳ್ಳುವ ದೊಡ್ಡ ಪುಸ್ತಕದೊಳಗೆ ಸೇರಿಸಿದ್ದಕ್ಕೆ ಕಾರಣ ಅಲ್ಲಿದೆ: ಅಗ್ಗವಾದರೆ ಕೆಲಸವಿಲ್ಲದ ಕಂಡಕಂಡವರೆಲ್ಲ ಕೊಂಡು ಓದಿ, ಮೀನನ್ನೇ ಹಾಳುಮಾಡಿಬಿಟ್ಟಾರು ಎಂಬ ಭಯ. ಬಡವನ ನೀರಿಗೆ ಮರ್ಯಾದೆ ಕೊಡು ಎಂದ ಕೈಯೇ, ಬಡವನ ಕೈಗೆ ಈ ಪುಸ್ತಕ ಸಿಗದಿರಲಿ ಎಂದೂ ನೋಡಿಕೊಂಡಿತ್ತು. ಗಾಳದ ಶಿಷ್ಟಾಚಾರಕ್ಕೆ ಹುಟ್ಟಿನಿಂದಲೇ ಅಂಟಿದ ದೋಷ ಇದು. 'ನಮ್ಮ ನಮ್ಮೊಳಗೆ ಸಭ್ಯವಾಗಿರೋಣ' ಎನ್ನುವುದರ ಹಿಂದೆಯೇ 'ನಾವು ಎಂದರೆ ಯಾರು' ಎಂಬ ಪ್ರಶ್ನೆಯೂ ನಿಂತಿರುತ್ತದೆ.

ಒಡೆಯುವ ತೆರೆಗಳಲ್ಲಿ ಗಾಳ ಹಾಕುವುದು ಶೋಕಿಯಾಗಿ ಬೆಳೆದದ್ದು 19ನೆಯ ಶತಮಾನದ ಅಮೆರಿಕದ ಪೂರ್ವ ಕರಾವಳಿಯಲ್ಲಿ. ಅಲ್ಲಿನ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆ ಮೀನು ಬಂಡೆಗಳ ನಡುವಿನ ನೊರೆ ನೀರಿಗೇ ಮೇಯಲು ಬರುತ್ತದೆ. 1864ರಲ್ಲಿ ಮ್ಯಾಸಚೂಸೆಟ್ಸಿನ ಕಟಿಹಂಕ್ ಎಂಬ ಪುಟ್ಟ ದ್ವೀಪದಲ್ಲಿ ಶ್ರೀಮಂತರು ಸೇರಿ ಒಂದು ಫಿಶಿಂಗ್ ಕ್ಲಬ್ ಕಟ್ಟಿದರು. ದಡದಿಂದ ಬಂಡೆಗಳವರೆಗೆ ಕಬ್ಬಿಣದ ಕಂಬಗಳ ಮೇಲೆ ಹಲಗೆ ಹಾಸಿ, ತುದಿಯಲ್ಲಿ ನಿಂತು ಎಸೆಯಲು ಅಟ್ಟಣೆ ಮಾಡಿಸಿದರು. ಎರೆಗೆ ಏಡಿಯ ಬಂಧುವಾದ ಲಾಬ್‌ಸ್ಟರ್. ಎರೆ ಕೊಚ್ಚಿ ನೀರಿಗೆ ಎಸೆದು ಮೀನನ್ನು ಕರೆಯಲು ಒಬ್ಬೊಬ್ಬರಿಗೆ ಒಬ್ಬೊಬ್ಬ ಆಳು.

ಅಟ್ಟಣೆಗಳೆಲ್ಲ ಒಂದೇ ಅಲ್ಲ. ಕೆಲವು ಕಡೆ ಮೀನು ಹೆಚ್ಚು. ಹಾಗಾದರೆ ಯಾರಿಗೆ ಯಾವುದು? ಹಿರಿತನ ನೋಡಲಿಲ್ಲ, ಹಣ ನೋಡಲಿಲ್ಲ. ಹಿಂದಿನ ಸಂಜೆಯೇ ಚೀಟಿ ಎತ್ತಿದರು. ಚೀಟಿಯಲ್ಲಿ ಬಂದ ಅಟ್ಟಣೆ ಮರುದಿನಕ್ಕೆ ಅವನದು. ಸದಸ್ಯರ ಮಟ್ಟಿಗೆ ಇದಕ್ಕಿಂತ ನ್ಯಾಯವಾದ ಏರ್ಪಾಟು ಕಷ್ಟ. ಆದರೆ ಎರೆ ಕೊಚ್ಚುವ ಆಳಿಗೆ ಚೀಟಿ ಇರಲಿಲ್ಲ.

ಅದೇ ಮ್ಯಾಸಚೂಸೆಟ್ಸಿನಲ್ಲಿ ಇದಕ್ಕಿಂತ ಎರಡು ಶತಮಾನ ಹಳೆಯದಾದ ಇನ್ನೊಂದು ಕಾನೂನಿದೆ. 1640ರ ದಶಕದ ವಸಾಹತು ಶಾಸನದ ಪ್ರಕಾರ ಭರತ ಮತ್ತು ಇಳಿತದ ಗೆರೆಗಳ ನಡುವಿನ ನೆಲ ಖಾಸಗಿಯವರದಾದರೂ, ಅಲ್ಲಿ ಮೀನು ಹಿಡಿಯಲು, ಹಕ್ಕಿ ಬೇಟೆಯಾಡಲು, ದೋಣಿ ನಡೆಸಲು ಸಾರ್ವಜನಿಕರಿಗೆ ಹಕ್ಕುಂಟು. ಆ ಕಾನೂನು ಇಂದಿಗೂ ಜೀವಂತ. ಖಾಸಗಿ ಬೀಚಿನಲ್ಲಿ ಸುಮ್ಮನೆ ಅಡ್ಡಾಡುವವರನ್ನು ಮಾಲೀಕ ಅಟ್ಟಬಹುದು, ಕೈಯಲ್ಲೊಂದು ಗಾಳವಿದ್ದರೆ ಅಟ್ಟುವಂತಿಲ್ಲ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಅಗ್ಗದ ಫೈಬರ್‌ಗ್ಲಾಸ್ ರಾಡು, ಸುಲಭದ ರೀಲು, ಮರಳಲ್ಲಿ ಓಡುವ ಜೀಪುಗಳು ಬಂದ ಮೇಲೆ ಸಾಮಾನ್ಯರೂ ಆ ದಡಗಳನ್ನು ತುಂಬಿದರು. ಕ್ಲಬ್ಬಿನ ಚೀಟಿ ಅಲ್ಲಿ ನಡೆಯಲಿಲ್ಲ. ಹೆಗಲಿಗೆ ಹೆಗಲು ತಾಗಿಸಿ ನಿಂತ ಅಪರಿಚಿತರು ಸೆಳೆತ ಹೇಳಿಕೊಟ್ಟ ಪಾಠವನ್ನೇ ನಿಯಮ ಮಾಡಿಕೊಂಡರು. ಸೆಳೆತ ಜೋರಾಗಿರುವ ಕಡೆ ಒಂದು ಚೆಂದದ ಪದ್ಧತಿಯಿದೆ: ಎಸೆದವನು ತನ್ನ ದಾರ ಜಾರಿದ ಹಾಗೆ ತಾನೂ ದಡದುದ್ದಕ್ಕೆ ನಡೆಯುತ್ತಾನೆ, ಕೊನೆ ಮುಟ್ಟಿದ ಮೇಲೆ ಸುತ್ತಿಕೊಂಡು, ಎಲ್ಲರ ಬೆನ್ನ ಹಿಂದಿನಿಂದ ಬಂದು, ಸಾಲಿನ ಮೊದಲಿಗೆ ನಿಲ್ಲುತ್ತಾನೆ. ಒಳ್ಳೆಯ ಜಾಗ ಯಾರದೂ ಅಲ್ಲ. ಎಲ್ಲರದೂ ಸ್ವಲ್ಪ ಹೊತ್ತು.

ಹೊಟ್ಟೆಪಾಡಿನವರೂ ಇದೇ ಉಪಾಯ ಕಂಡುಕೊಂಡದ್ದುಂಟು. ಟರ್ಕಿಯ ಅಲಾನ್ಯಾ ಎಂಬ ಊರಿನ ಬೆಸ್ತರು 1970ರ ದಶಕದಲ್ಲಿ ಒಳ್ಳೆಯ ಜಾಗಗಳಿಗಾಗಿ ಹೊಡೆದಾಡಿ ಬೇಸತ್ತು, ಜಾಗಗಳ ಪಟ್ಟಿ ಮಾಡಿ, ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿದರು. ಜನವರಿಯವರೆಗೆ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯುವುದು, ಆಮೇಲೆ ಮೇವರೆಗೆ ಪಶ್ಚಿಮಕ್ಕೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್, ಜನ ತಾವೇ ತಮ್ಮ ಸಾಮೂಹಿಕ ಸೊತ್ತನ್ನು ಕಾಯ್ದುಕೊಳ್ಳಬಲ್ಲರು ಎಂದು ತೋರಿಸಲು ಈ ಊರನ್ನೂ ಉದಾಹರಿಸಿದ್ದಾರೆ. ಕಟಿಹಂಕಿನ ಚೀಟಿಗೂ ಅಲಾನ್ಯಾದ ಚೀಟಿಗೂ ವ್ಯತ್ಯಾಸ ಒಂದೇ. ಇಲ್ಲಿ ನೀರಿಗಿಳಿಯುವವನ ಹೆಸರೇ ಚೀಟಿಯಲ್ಲಿತ್ತು.

ಇಷ್ಟು ಓದುವ ಹೊತ್ತಿಗೆ ನನಗೆ ನಮ್ಮೂರಿನ ರಂಪಣಿ ನೆನಪಾಗತೊಡಗಿತ್ತು. ಏಳೆಂಟು ವರ್ಷದವನಿದ್ದಾಗ ಬೆಳಿಗ್ಗೆ ಅಜ್ಜಿ ಕೈಗೆ ಕುಕ್ಕೆ ಕೊಟ್ಟು ಕಡಲಿಗೆ ಅಟ್ಟುತ್ತಿದ್ದರು. ಬಂಗುಡೆಯ ಹಿಂಡು ದಡದ ಹತ್ತಿರ ಬಂದಾಗ ದೋಣಿಯವರು ಅದನ್ನು ಬಳಸಿ ಬಲೆ ಬಿಡುತ್ತಿದ್ದರು. ಅರ್ಧ ಮೈಲಿಗೂ ಉದ್ದದ ಆ ಬಲೆಯ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ಬಲೆ ಒಬ್ಬರದಲ್ಲ, ಪಾಲುದಾರರದು. ಪಾಲುದಾರರಲ್ಲದವರೂ ಕೈಹಾಕಿ ಎಳೆಯುತ್ತಿದ್ದರು. "ಹಗ್ಗ ಮುಟ್ಟು ಮಗಾ, ಸುಮ್ಮನೆ ಕುಕ್ಕೆ ಒಡ್ಡಬೇಡ" ಎನ್ನುತ್ತಿದ್ದರು ಅಜ್ಜಿ. ನನ್ನ ಕೈಯ ಬಲದಿಂದ ಬಲೆ ಒಂದಂಗುಲವೂ ಬಂದಿರಲಾರದು. ಆದರೂ ಪಾಲು ಹಂಚುವವರು ಕುಕ್ಕೆಗೆ ಒಂದಿಷ್ಟು ಬಂಗುಡೆ ಹಾಕಿಯೇ ಕಳಿಸುತ್ತಿದ್ದರು. ಒಂದು ಬಲೆ ಕಡಲಲ್ಲಿದ್ದಾಗ ಅದರ ಎದುರಿಗೆ ಇನ್ನೊಂದು ಇಳಿಯುತ್ತಿರಲಿಲ್ಲ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡ ಸೇರುವ ಮೊದಲೇ ಹಿಂಡನ್ನು ಆಳದಲ್ಲೇ ಸುತ್ತುವರಿದು ಬಾಚುವ ಬಲೆ ಅವುಗಳದು. ನಾಲ್ಕೈದು ವರ್ಷಗಳಲ್ಲಿ ರಂಪಣಿ ಮಂಕಾಯಿತು. ಅಜ್ಜಿ ನನ್ನನ್ನು ಕಡಲಿಗೆ ಅಟ್ಟುವುದು ನಿಂತಿತು. ಗೋವೆಯಲ್ಲಿ ರಾಂಪಣಕಾರರು ಬೀದಿಗಿಳಿದು ಹೋರಾಡಿದರು. ಅಲ್ಲಿ 1980ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ಕಾಯಿದೆ ಬಂತು. ಅಮೆರಿಕದಲ್ಲೂ ಅದೇ ಕತೆ. ಪಟ್ಟೆ ಮೀನು ಮುಗಿಯುತ್ತ ಬಂದ ಮೇಲೆ 1984ರಲ್ಲಿ ಸಂಸತ್ತು ಅದರ ರಕ್ಷಣೆಗೆ ಕಾಯಿದೆ ಮಾಡಿತು. ಮರುವರ್ಷ ಮೇರಿಲ್ಯಾಂಡ್ ರಾಜ್ಯ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. 'ಅತಿಯಾಗಿ ಹಿಡಿಯಬೇಡ' ಎಂಬ 1496ರ ಬುದ್ಧಿಮಾತು ಕಾನೂನಾಗುವ ಹೊತ್ತಿಗೆ ಮೀನೇ ವಿರಳವಾಗಿತ್ತು.

ನನಗೆ ಅರ್ಥವಾದದ್ದು ಇಷ್ಟು. ಕಣ್ಣಿಗೆ ಕಾಣುವ ಪಕ್ಕದವನಿದ್ದರೆ ದಾಕ್ಷಿಣ್ಯ ಕೆಲಸ ಮಾಡುತ್ತದೆ. ಅವನ ದಾರ ನನ್ನದಕ್ಕೆ ಸಿಕ್ಕಿದರೆ ಇಬ್ಬರ ಸಂಜೆಯೂ ಹಾಳು. ನಾಳೆ ಅದೇ ಮುಖ ನೋಡಬೇಕು. ಆಳ ಕಡಲಿನ ಬೋಟಿಗೆ ದಡದಲ್ಲಿ ಕುಕ್ಕೆ ಹಿಡಿದು ನಿಂತ ಹುಡುಗ ಕಾಣುವುದಿಲ್ಲ. ಕಾಣದವರ ಪಾಲನ್ನು ಕಾಯಲು ದಾಕ್ಷಿಣ್ಯ ಸಾಲದು, ಕಾನೂನೇ ಬೇಕು. ಆದರೆ ಕಾನೂನು ಯಾವಾಗಲೂ ತಡವಾಗಿ ಬರುತ್ತದೆ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಅದೇ ಬೀಚಿನಲ್ಲಿ ನಾವು ಏಳೆಂಟು ಮಂದಿ ಸಾಲಾಗಿ ನಿಂತಿದ್ದೆವು. ನಡುವಯಸ್ಸಿನ ಕೋಳಿ ದಂಪತಿ ಸಣ್ಣ ಬಲೆಯೊಂದನ್ನು ಹೊತ್ತು ಬಂದು, ನಮ್ಮಿಂದ ತುಸು ದೂರದಲ್ಲಿ ಸುಮ್ಮನೆ ನಿಂತರು. ದಾರ ಅಡ್ಡ ಬಂದರೆ ಸಿಕ್ಕಾಗುತ್ತದೆಂದು ಕಾಯುತ್ತಿದ್ದರು. ನಮ್ಮ ನಮ್ಮೊಳಗೆ ನಾವು ಅಂದು ತುಂಬ ಸಭ್ಯರು. ಒಬ್ಬರನ್ನೊಬ್ಬರು ಕೇಳಿಯೇ ನಿಂತಿದ್ದೆವು. ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಇಳಿತ ಶುರುವಾಗಲು ಇನ್ನು ಅರ್ಧ ಗಂಟೆಯಷ್ಟೇ ಇತ್ತು.

ನನ್ನ ದಾರ ಕಡಿಯದೆ ತಮ್ಮದನ್ನು ಕಡಿದ ಹಿರಿಯರೂ ಸಾಲಿನಲ್ಲಿದ್ದರು. ಅವರೇ ಮೊದಲು ರೀಲು ಸುತ್ತತೊಡಗಿದರು. ನಾನೂ ಸುತ್ತಿಕೊಂಡೆ. ಇಬ್ಬರು ಗೊಣಗಿದರು, ಆದರೂ ಸರಿದರು. ಬಲೆ ಇಳಿಯಿತು. ಎಳೆಯುವಾಗ ಆ ಹೆಂಗಸು ನಮ್ಮ ಕಡೆ ನೋಡಿ ಏನೋ ಕೂಗಿದರು. ತೆರೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಕೈ ಸನ್ನೆಯಿಂದ ಗೊತ್ತಾಯಿತು, ಹಗ್ಗ ಹಿಡಿಯಲು ಕರೆಯುತ್ತಿದ್ದರು.

ಚಪ್ಪಲಿ ಬಿಟ್ಟು ಹೋದೆ. ನಲವತ್ತೈದು ವರ್ಷಗಳ ನಂತರವೂ ನನ್ನ ಕೈಯಿಂದ ಬಲೆ ಹೆಚ್ಚೇನೂ ಮುಂದೆ ಬರಲಿಲ್ಲ. ಹೊರಡುವಾಗ ಆಕೆ ಒಂದು ಹಿಡಿ ಸಣ್ಣ ಮೀನನ್ನು ನನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು.