ದನಿಯಷ್ಟೇ ಸಿಗುವ ಪ್ರಿಯಕರ

‘ಮುಹೇರೆಸ್ ಅಲ್ ಬೋರ್ದೆ ದೆ ಉನ್ ಅತಾಕೆ ದೆ ನೆರ್ವಿಯೊಸ್’ ಸ್ಪೇನಿನ ಪೆದ್ರೊ ಅಲ್ಮೊದೊವಾರ್ 1988ರಲ್ಲಿ ತೆರೆಗೆ ತಂದ ಪ್ರಣಯ ಹಾಸ್ಯಚಿತ್ರ. ‘ವಿಮೆನ್ ಆನ್ ದ ವರ್ಜ್ ಆಫ್ ಎ ನರ್ವಸ್ ಬ್ರೇಕ್‌ಡೌನ್’ ಎಂದರೆ ಹೆಚ್ಚು ಜನಕ್ಕೆ ಗುರುತು ಸಿಕ್ಕೀತು. ಪ್ರೇಮಿಗಳಿಬ್ಬರೂ ಮ್ಯಾಡ್ರಿಡ್‌ನ ಕಂಠದಾನ ಕಲಾವಿದರು. ನಾಯಕಿ ಟಿವಿ ನಟಿಯೂ ಹೌದು.

ಕಥೆ

ನಾಯಕಿ ಪೆಪಾಳನ್ನು (ಕಾರ್ಮೆನ್ ಮೌರಾ) ಪ್ರಿಯಕರ ಇವಾನ್ (ಫೆರ್ನಾಂದೊ ಗಿಯೆನ್) ಆನ್ಸರಿಂಗ್ ಮೆಷಿನ್‌ನಲ್ಲಿ ನಾಲ್ಕು ಮಾತು ಬಿಟ್ಟು ತೊರೆಯುತ್ತಾನೆ. ತನ್ನ ಬಟ್ಟೆಬರೆ ಸೂಟ್‌ಕೇಸಿಗೆ ತುಂಬಿಡಬೇಕಂತೆ! ತಾನು ಬಸುರಿ ಎಂದು ಹೇಳಲು ಅವಳು ಅವನನ್ನು ಊರೆಲ್ಲ ಹುಡುಕುತ್ತಾಳೆ. ಅಷ್ಟರಲ್ಲಿ ಅವಳ ಮನೆಯೇ ಸಂತೆಯಾಗುತ್ತದೆ: ಪೊಲೀಸರಿಗೆ ಹೆದರಿ ಅಡಗಲು ಬಂದ ಗೆಳತಿ, ಬಾಡಿಗೆಗೆ ಮನೆ ನೋಡಲು ಬಂದ ಇವಾನನ ಮಗ (ಆಂತೋನಿಯೊ ಬಾಂದೆರಾಸ್) ಮತ್ತು ಅವನ ಭಾವಿ ಪತ್ನಿ, ಪಿಸ್ತೂಲು ಹಿಡಿಯುವ ಇವಾನನ ಮಾಜಿ ಪ್ರೇಯಸಿ. ಜೊತೆಗೆ ನಿದ್ರೆಮಾತ್ರೆ ಬೆರೆಸಿದ ಗಾಸ್ಪಾಚೊ, ಅಂದರೆ ಟೊಮೆಟೊದ ತಣ್ಣನೆ ಸೂಪು. ಕುಡಿದವರೆಲ್ಲ ಇದ್ದಲ್ಲೇ ಒರಗುತ್ತಾರೆ.

ಡಬ್ಬಿಂಗ್ ಕೋಣೆ

ಚಿತ್ರದ ಜೀವಾಳ ಇಲ್ಲಿದೆ. ಇಬ್ಬರೂ 1954ರ ಹಾಲಿವುಡ್ ಚಿತ್ರ ‘ಜಾನಿ ಗಿಟಾರ್’ಗೆ ಸ್ಪ್ಯಾನಿಷ್ ದನಿ ಕೊಡಬೇಕು. ಇವಾನ್ ತನ್ನ ಪಾಲು ಮುಗಿಸಿ ಹೋದ ಮೇಲೆ ಪೆಪಾ ಬರುತ್ತಾಳೆ. ಹೆಡ್‌ಫೋನ್‌ನಲ್ಲಿ ಅವನ ದನಿ ಪ್ರೀತಿಯ ಸುಳ್ಳು ಹೇಳೆಂದು ಬೇಡುತ್ತದೆ. ಆ ಚಿತ್ರದ ನಾಯಕಿ ಜೋನ್ ಕ್ರಾಫರ್ಡ್ ಪರವಾಗಿ ಇವಳು ಉತ್ತರಿಸುತ್ತಾಳೆ, ಕೊನೆಗೆ ಮೂರ್ಛೆ ಬೀಳುತ್ತಾಳೆ. ಅವನು ಎದುರಿಗಿದ್ದು ಆಡದ ಮಾತೆಲ್ಲ ಯಂತ್ರದ ಮೂಲಕವೇ ಬರುತ್ತದೆ. ತುಟಿ ಒಬ್ಬರದು, ದನಿ ಇನ್ನೊಬ್ಬರದು ಎಂಬ ಈ ಕಸುಬನ್ನೇ ಪ್ರೇಮದ ಸ್ವರೂಪವಾಗಿಸಿದ್ದು ಅಲ್ಮೊದೊವಾರರ ಜಾಣ್ಮೆ.

ಸ್ಪೇನಿನ ಪ್ರೇಕ್ಷಕರಿಗೆ ಈ ಲೋಕ ಹೊಸದಲ್ಲ. ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ 1941ರಲ್ಲಿ ವಿದೇಶಿ ಚಿತ್ರಗಳಿಗೆ ಸ್ಪ್ಯಾನಿಷ್ ಡಬ್ಬಿಂಗ್ ಕಡ್ಡಾಯ ಮಾಡಿತ್ತು. ಭಾಷೆಯ ಹೆಸರಿನಲ್ಲೇ ಡಬ್ಬಿಂಗನ್ನು ದಶಕಗಳ ಕಾಲ ದೂರವಿಟ್ಟ ಕನ್ನಡ ಚಿತ್ರರಂಗಕ್ಕೆ ಇದು ತದ್ವಿರುದ್ಧ. ಸ್ಪೇನಿನಲ್ಲಿ ಕಡ್ಡಾಯ ಹೋದರೂ ರೂಢಿ ಹೋಗಲಿಲ್ಲ. ಸೆನ್ಸಾರಿಗೂ ಅದು ಅನುಕೂಲವಾಗಿತ್ತು: ಹಾಲಿವುಡ್‌ನ ‘ಮೊಗಾಂಬೊ’ದಲ್ಲಿ (1953) ವಿವಾಹೇತರ ಪ್ರೇಮ ಮರೆಮಾಚಲು ಗಂಡ ಹೆಂಡತಿಯನ್ನು ಅಣ್ಣ ತಂಗಿ ಮಾಡಿದರು. ಪಾಪ, ಅದರಿಂದ ತೆರೆಯ ಮೇಲೆ ಇನ್ನೂ ದೊಡ್ಡ ಅನಾಹುತವೇ ಆಯಿತು: ಅಣ್ಣ ತಂಗಿಯ ನಡುವೆಯೇ ಪ್ರಣಯವಿದ್ದಂತೆ ಕಂಡಿತು.

ಮೂಲ

ಫೋನಿನಲ್ಲಿ ಪ್ರಿಯಕರನೊಡನೆ ಕೊನೆಯ ಮಾತಾಡುವ ಹೆಣ್ಣೊಬ್ಬಳ ಕುರಿತು ಫ್ರಾನ್ಸಿನ ಝಾನ್ ಕಾಕ್ತೊ ಬರೆದ ಏಕಪಾತ್ರ ನಾಟಕ ‘ಲಾ ವ್ವಾ ಯುಮೆನ್’ (1930) ಈ ಚಿತ್ರಕ್ಕೆ ಪ್ರೇರಣೆ. ಆದರೆ ಬರೆಯುತ್ತ ಹೋದಂತೆ ನಾಟಕದಿಂದ ಉಳಿದದ್ದು ಒಂಟಿ ಹೆಣ್ಣು, ಫೋನು ಮತ್ತು ಪೆಟ್ಟಿಗೆ. ಅಳು ನಗೆಯಾಯಿತು. ಪೆಪಾ ಫೋನನ್ನೇ ಕಿಟಕಿಯಿಂದಾಚೆ ಎಸೆಯುತ್ತಾಳೆ.

ಪ್ರಶಸ್ತಿ ಮತ್ತು ನಂತರ

ವೆನಿಸ್ ಉತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂತು. ಅತ್ಯುತ್ತಮ ಚಿತ್ರ ಸೇರಿ ಸ್ಪೇನಿನ 5 ಗೋಯಾ ಪ್ರಶಸ್ತಿಗಳು ಸಿಕ್ಕವು. ವಿದೇಶಿ ಭಾಷಾ ವಿಭಾಗದಲ್ಲಿ ಆಸ್ಕರ್‌ಗೂ ನಾಮನಿರ್ದೇಶನವಾಗಿತ್ತು. ಗೆದ್ದದ್ದು ‘ಪೆಲ್ಲೆ ದ ಕಾಂಕರರ್’. ಮೌರಾ ಮತ್ತು ಅಲ್ಮೊದೊವಾರ್ ಇದಾದ ಮೇಲೆ ದೂರವಾದರು, 2006ರ ‘ವೊಲ್ವೆರ್’ನಲ್ಲಿ ಮತ್ತೆ ಜೊತೆಯಾದರು. 2010ರಲ್ಲಿ ‘ವಿಮೆನ್ ಆನ್ ದ ವರ್ಜ್’ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸಂಗೀತ ನಾಟಕವಾದಾಗ ಪ್ರದರ್ಶನ ಎರಡೇ ತಿಂಗಳಿಗೆ ನಿಂತಿತು. ಕಾಕ್ತೊ ಮಾತ್ರ ನಿರ್ದೇಶಕರ ತಲೆಯಿಂದ ಇಳಿಯಲಿಲ್ಲ. 2020ರಲ್ಲಿ ಅದೇ ನಾಟಕವನ್ನು ಟಿಲ್ಡಾ ಸ್ವಿಂಟನ್ ನಟನೆಯಲ್ಲಿ ಕಿರುಚಿತ್ರ ಮಾಡಿದರು. ಅದು ಅವರ ಮೊದಲ ಇಂಗ್ಲಿಷ್ ಚಿತ್ರ.